ಕಾಲುವೆ ಮುಚ್ಚಿದ ವರ್ಷ ಆಫ್ರಿಕ ಸುತ್ತಿದ್ದು

ಹಾವೇರಿ ಸ್ಟೇಷನ್

ಇಂಗ್ಲೆಂಡಿಗೆ ಹೋಗಿ ಬಂದ ನಮ್ಮ ಕಡೆಯವರು ಸುಯೆಜ್ ಕಾಲುವೆಯ ಮಾತು ಬಂತೆಂದರೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಎರಡೂ ಬದಿಗೆ ಮರಳು, ನಡುವೆ ಹಡಗು, ದಂಡೆಯ ಮೇಲೆ ಒಂಟೆ ಎಂದು ಅವರು ವರ್ಣಿಸುವಾಗ ನಾನು ಸುಮ್ಮನೆ ಚಹಾ ಕುಡಿಯುತ್ತೇನೆ. ನಾನೂ ಹಡಗಿನಲ್ಲಿ ಹೋದವನೇ. ಆದರೆ ಹೋದದ್ದು ಐವತ್ತಾರರಲ್ಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ಆ ಕಾಲುವೆಯ ಸಲುವಾಗಿ ಈಜಿಪ್ತದ ಮೇಲೆ ಬಾಂಬು ಹಾಕಿದ ವರ್ಷ. ಹೀಗಾಗಿ ನನಗೆ ಕಾಲುವೆಯ ದರ್ಶನವಾಗಲಿಲ್ಲ. ಅದರ ಬದಲು ಆಫ್ರಿಕ ಖಂಡಕ್ಕೆ ಮುಕ್ಕಾಲು ಪ್ರದಕ್ಷಿಣೆ ಹಾಕಿದ ಪುಣ್ಯ ಬಂತು.

ಆಗ ನಾನು ಹಾನಗಲ್ಲಿನಲ್ಲಿ ಹೈಸ್ಕೂಲು ಹುಡುಗರಿಗೆ ಇತಿಹಾಸ ಕಲಿಸುತ್ತಿದ್ದೆ. ಇಂಗ್ಲೆಂಡಿನಲ್ಲಿ ಒಂದು ವರ್ಷ ಶಿಕ್ಷಕರ ತರಬೇತಿ ಪಡೆಯಲು ವಿದ್ಯಾರ್ಥಿವೇತನ ಸಿಕ್ಕಿತ್ತು. ಈ ಸುದ್ದಿ ಹಿರೇಕೆರೂರನ್ನು ಮುಟ್ಟಲು ಒಂದು ಸಂತೆ ಸಾಕಾಯಿತು. ಮರುದಿನವೇ ಅಲ್ಲಿಯ ಹತ್ತಿ ವ್ಯಾಪಾರಿ ವೀರಬಸಪ್ಪ ಸಾವಕಾರರು ಬಸ್ಸಿನಿಂದಿಳಿದು ನೆಟ್ಟಗೆ ನಮ್ಮ ಮನೆಗೆ ಬಂದರು.

“ಮಾಸ್ತರ, ನೀವು ವಿಲಾಯ್ತಿಗೆ ಹೊಂಟೀರಂತ. ನಾನೂ ಬರ್ತೇನ್ರಿ,” ಎಂದರು, ಸವಣೂರಿಗೆ ವೀಳ್ಯದೆಲೆ ತರಲು ಹೊರಟವರ ಹಾಗೆ.

“ಅಲ್ಲೇನ್ರಿ ಕೆಲಸಾ ಸಾವಕಾರ್ರ?”

“ಹತ್ತಿ ಬಿಡಸೋ ಮಶೀನ ಕೊಳ್ಳೋದೈತಿ. ಮುಂಬೈ ದಲಾಲಿ ಹಳೇ ಮಶೀನಕ್ಕ ಬಣ್ಣಾ ಬಡದು ಹೊಸಾದಂತ ಕೊಡ್ತಾನ. ಈ ಸಲ ಅದು ಹುಟ್ಟೋ ಮನ್ಯಾಗಽ ನಿಂತು ನೋಡಿ ತರ್ತೇನಿ. ನನಗ ಇಂಗ್ಲೀಷ ಬರಂಗಿಲ್ಲ, ನಿಮಗ ಹತ್ತಿ ಗೊತ್ತಿಲ್ಲ. ಜೋಡಿ ಆತಲ್ರಿ.”

ದಸರೆ ಮುಗಿಸಿ ದೀಪಾವಳಿಗೆ ಮೊದಲೇ ಹೊರಟೆವು. ನನ್ನನ್ನು ಬೀಳ್ಕೊಡಲು ಶಾಲೆಯವರು ಹಾವೇರಿ ಸ್ಟೇಷನ್ನಿಗೆ ಬಂದಿದ್ದರು. ಶಿಗ್ಗಾಂವಿಯ ದರ್ಜಿಯೊಬ್ಬ ಹೊಲಿದುಕೊಟ್ಟ ಚಳಿಕೋಟು ಹಾಕಿಕೊಂಡು ಆ ಬಿಸಿಲಿನಲ್ಲಿ ನಾನು ಹಾರ ಹಾಕಿಸಿಕೊಂಡೆ. ಅವನು ಇಂಗ್ಲೆಂಡಿನ ಚಳಿಯನ್ನು ಕಂಡವನಲ್ಲ. ಕೇಳಿದ್ದನ್ನೆಲ್ಲ ನಂಬಿ ಹತ್ತಿ ತುಂಬಿದ್ದ. ತೋಳುಗಳು ಪಕ್ಕಕ್ಕೆ ಇಳಿಯುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಅದನ್ನು ಆಲಿಂಗನಕ್ಕೆ ಕರೆದದ್ದೆಂದು ತಿಳಿದು ನನ್ನನ್ನು ಅಪ್ಪಿಕೊಂಡರು.

ಸಾವಕಾರರನ್ನು ಕಳಿಸಲು ಬಂದಿದ್ದವರು ಅವರ ಸೋದರಮಾವ ಒಬ್ಬರೇ. ಕೈಯಲ್ಲಿ ಛತ್ರಿ. ಅವರು ಬಂದದ್ದು ರಾಜಿಯ ಮಾತಿಗೆ. ಸಾವಕಾರರಿಗೂ ತಮ್ಮ ಗುರುಬಸಪ್ಪನಿಗೂ ಪಾಲಾಗಿ ಕೆಲವು ವರ್ಷಗಳಾಗಿದ್ದವು. ಅಣ್ಣನ ಹತ್ತಿ ಗೋದಾಮು ಹಿಂದೆ, ತಮ್ಮನ ಮನೆ ಮುಂದೆ. ಗಾಡಿಗಳು ಗೋದಾಮಿಗೆ ಹೋಗುವ ಹಾದಿ ತಮ್ಮನ ಗೋಡೆಗೆ ಹತ್ತಿಕೊಂಡೇ ಇತ್ತು. ಆ ವರ್ಷ ತಮ್ಮ, ಹಾದಿ ನನ್ನ ಪಾಲಿನದು ಎಂದು ಬಾಗಿಲು ಕೂಡಿಸಿ ಕೀಲಿ ಹಾಕಿದ್ದ. ಕೋರ್ಟಿನಲ್ಲಿ ಖಟ್ಲೆ ನಡೆದಿತ್ತು.

“ವೀರಬಸಪ್ಪಾ, ಅಂವಾ ಬಾಗಲಾ ತೆಗಿತಾನಂತ. ನಿನ್ನ ಹಿತ್ತಲದ ಬಾವ್ಯಾಗ ಅವಗ ನೀರ ಬಿಟ್ರಾತು. ಹೂಂ ಅನ್ನು,” ಎಂದರು ಮಾವ.

“ವಿಚಾರ ಮಾಡಿ ತಾರ ಮಾಡ್ತೇನಿ ತಗೋ,” ಎಂದು ಸಾವಕಾರರು ರೈಲು ಹತ್ತಿದರು. ಪುಣೆಯವರೆಗೂ ಅವರು ವಿಚಾರ ಮಾಡಿದ್ದು ಗಟ್ಟಿಯಾಗಿ, ನನಗೆ ಕೇಳುವಂತೆ. ಹೂಂ ಎನ್ನುವ ಕಡೆಗೇ ಅವರ ಮನಸ್ಸು ವಾಲಿತ್ತು.

ಏಡನ್

ಮುಂಬಯಿಯಲ್ಲಿ ಹಡಗು ಹತ್ತಿದೆವು. ನಮ್ಮ ಕೋಣೆ ಅದರ ಹೊಟ್ಟೆಯೊಳಗೆ, ಯಂತ್ರದ ಪಕ್ಕದಲ್ಲಿತ್ತು. ಅದರಲ್ಲಿ ನಾಲ್ಕು ಮಂಚ. ಒಂದು ನನ್ನದು, ಒಂದು ಸಾವಕಾರರದು, ಒಂದು ಅವರ ಡಬ್ಬಿಗಳದು. ಸವಣೂರಿನ ಖಾರ ಎಂಬ ಕುರುಕಲು ತಿಂಡಿ, ತಿಳವಳ್ಳಿ ಅಕ್ಕಿಯ ಅವಲಕ್ಕಿ, ಶೇಂಗಾ ಚಟ್ನಿ, ಜೋಳದ ರೊಟ್ಟಿಯ ಕಟ್ಟು. ಹಡಗು ಹೊರಳಿದಾಗಲೆಲ್ಲ ಡಬ್ಬಿಗಳು ಜನರಿಗಿಂತ ಹೆಚ್ಚು ಸಪ್ಪಳ ಮಾಡುತ್ತಿದ್ದವು.

ನಾಲ್ಕನೆಯ ಮಂಚದಲ್ಲಿ ಯೂಸುಫ್ ಎಂಬ ತರುಣನಿದ್ದ. ಈಜಿಪ್ತದವನು. ಕಾಲುವೆಯ ಬಾಯಿಯಲ್ಲಿರುವ ಪೋರ್ಟ್ ಸೈದ್ ಅವನ ಊರು. ಮುಂಬಯಿಯಲ್ಲಿ ನೇಯ್ಗೆಯ ವಿದ್ಯೆ ಕಲಿತು ತಾಯಿ, ತಂಗಿಯರ ಹತ್ತಿರ ಹೊರಟಿದ್ದ. ಅವನಿಗೆ ಮುಂಬಯಿಯ ಹಿಂದಿ ಬರುತ್ತಿತ್ತು, ಸಾವಕಾರರಿಗೆ ಸಂತೆಯ ಉರ್ದು. ಇಬ್ಬರೂ ಹತ್ತಿಯವರು. ಈಜಿಪ್ತದ ಹತ್ತಿಯ ಎಳೆ ಎಷ್ಟು ಉದ್ದ ಎಂದು ಯೂಸುಫ್ ಬೆರಳಿನಲ್ಲಿ ತೋರಿಸಿದಾಗ ಸಾವಕಾರರು ಅವನ ಬೆರಳನ್ನು ಹಿಡಿದು ಸ್ವಲ್ಪ ಕಡಿಮೆ ಮಾಡಿದರು. ಅಲ್ಲಿಗೆ ಗೆಳೆತನವಾಯಿತು. ಅವನಿಗೆ ಸವಣೂರಿನ ಖಾರ ಕೊಟ್ಟರು. ಒಂದು ಹಿಡಿ ಬಾಯಿಗೆ ಹಾಕಿಕೊಂಡ ಅವನು ಅರಬ್ಬಿ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿ, ಕಣ್ಣೊರೆಸಿಕೊಂಡು, ಮತ್ತೆ ಕೈ ಚಾಚಿದ.

ಮೇಲಿನ ಡೆಕ್ಕಿನಲ್ಲಿ ಅವನಿಗೆ ಇನ್ನೊಬ್ಬರು ಜೊತೆಗಾರರಿದ್ದರು, ಒಬ್ಬ ನಿವೃತ್ತ ಇಂಗ್ಲಿಷ್ ಕರ್ನಲ್. ನಲವತ್ತೇಳರ ನಂತರವೂ ನೀಲಗಿರಿಯ ಚಹಾ ತೋಟವೊಂದನ್ನು ನೋಡಿಕೊಂಡಿದ್ದು, ಈಗ ಇಂಗ್ಲೆಂಡಿನ ತಂಗಿಯ ಮನೆಗೆ ಕಾಯಂ ಆಗಿ ಹೊರಟವರು. ಊಟವಾದ ಮೇಲೆ ಅವರೂ ಯೂಸುಫನೂ ಚದುರಂಗ ಆಡುತ್ತಿದ್ದರು. ಕರ್ನಲ್ ಸೋಲುತ್ತಿದ್ದರು. ಆದರೆ ಅವರ ಸೋಲಿಗೆಲ್ಲ ಹಿಂದಿನ ಯಾವುದೋ ಯುದ್ಧದಲ್ಲಿ ಆಧಾರವಿರುತ್ತಿತ್ತು. ಆನೆ ಹೋದರೆ, “ನೂರೈವತ್ತು ವರ್ಷದ ಹಿಂದೆ ಸ್ಪೇನಿನಲ್ಲಿಯೂ ನಾವು ಹೀಗೆಯೇ ಹಿಂದೆ ಸರಿದೆವು, ಆಮೇಲೆ ಗೆದ್ದೆವು” ಎನ್ನುವರು. ಮಂತ್ರಿ ಹೋದರೆ ಬೇರೊಂದು ಯುದ್ಧ. ಯೂಸುಫ್ ವಿನಯದಿಂದ ಕೇಳಿ, “ಸರ್, ನಿಮ್ಮ ನಡೆ” ಎನ್ನುವನು. ರಾಜ ಸಿಕ್ಕಿಬಿದ್ದ ಮೇಲೆ ಕರ್ನಲ್ ಸಾಹೇಬರು ಇತಿಹಾಸವನ್ನು ಮುಚ್ಚಿಟ್ಟು ಚಹಾ ತರಿಸುತ್ತಿದ್ದರು.

ಏಡನ್ನಿನಲ್ಲಿ ಹಡಗು ನಿಂತಾಗ ಸುದ್ದಿ ಬಂತು. ಆ ಜುಲೈಯಲ್ಲಿ ಈಜಿಪ್ತದ ಅಧ್ಯಕ್ಷ ಕಾಲುವೆಯ ಕಂಪನಿಯನ್ನು ರಾಷ್ಟ್ರದ ಸೊತ್ತೆಂದು ಸಾರಿದ್ದು ನಮಗೆಲ್ಲ ಗೊತ್ತಿತ್ತು. ಈಗ ಯುದ್ಧವೇ ಶುರುವಾಗಿತ್ತು. ಹಡಗಿನ ಪಡಸಾಲೆಯಲ್ಲಿ ರೇಡಿಯೋ ಸುತ್ತ ಜನ ಕೂಡಿದರು. ಇಂಗ್ಲಿಷರ ಪ್ರಧಾನಿ ತಿಂಗಳುಗಳಿಂದ ಹೇಳುತ್ತ ಬಂದಿದ್ದನ್ನು ಕರ್ನಲ್ ಸಾಹೇಬರು ಬೆರಳೆತ್ತಿ ನಮಗೆ ಬಿಡಿಸಿ ಹೇಳಿದರು. ಬೆರಳೆತ್ತುವ ಮೊದಲು ಅವರ ಎದೆ ಸ್ವಲ್ಪ ಮೇಲಕ್ಕೆ ಬರುತ್ತಿತ್ತು.

“ಮೂವತ್ತೆಂಟರಲ್ಲಿ ಆ ತುಂಡುಮೀಸೆಯ ಜರ್ಮನ್ ನೆರೆಯ ದೇಶದ ಒಂದು ಭಾಗ ಬೇಕೆಂದ. ಆಗಿನ ನಮ್ಮ ಪ್ರಧಾನಿ ಛತ್ರಿ ಹಿಡಿದುಕೊಂಡು ಅವನ ಮನೆಗೆ ಹೋಗಿ, ರಾಜಿ ಮಾಡಿಕೊಂಡು ಬಂದರು. ಮರುವರ್ಷ ಮಹಾಯುದ್ಧ! ಈಜಿಪ್ತದ ಈ ಮನುಷ್ಯನೂ ಅದೇ ಜಾತಿ. ಇವನನ್ನು ಈಗ ತಡೆಯದಿದ್ದರೆ ಮತ್ತೆ ಅದೇ ಗತಿ.”

ಇದು ನನ್ನ ಕಸುಬಿಗೆ ಸಂಬಂಧಿಸಿದ ಮಾತು. ‘ಹೋಲಿಸಿ, ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆಯನ್ನು ನಾನು ವರ್ಷವರ್ಷವೂ ಕೊಡುತ್ತೇನೆ. ಹುಡುಗರು ಹೋಲಿಕೆಯನ್ನು ಪುಟಗಟ್ಟಲೆ ಬರೆದು ವ್ಯತ್ಯಾಸವನ್ನು ಮರೆತುಬಿಡುತ್ತಾರೆ. ಪ್ರಧಾನಿಗಳದೂ ಅದೇ ಉತ್ತರ. ಆ ಜರ್ಮನ್ ಕೈ ಹಾಕಿದ್ದು ಪರರ ನೆಲಕ್ಕೆ. ಕಾಲುವೆ ಇದ್ದದ್ದು ಈಜಿಪ್ತದ ನೆಲದಲ್ಲೇ. ಈಗ ಪರರ ನೆಲಕ್ಕೆ ವಿಮಾನ ಕಳಿಸಿದವರು ಯಾರು ಎಂದು ಕೇಳಬೇಕೆನ್ನಿಸಿತು. ಆದರೆ ಸುತ್ತ ಇದ್ದವರೆಲ್ಲ ಇಂಗ್ಲಿಷರು, ಕೆಳಗೆ ಸಮುದ್ರ.

ಸಾವಕಾರರು ನನ್ನ ತೋಳು ಜಗ್ಗಿದರು. “ಏನಂತಾನ್ರಿ ಆ ಕರ್ನಲ್ಲ?”

ನಾನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅದೇ ತಪ್ಪಾಯಿತು. ಸಾವಕಾರರ ಕಣ್ಣು ಅರಳಿದವು.

“ಮಾಸ್ತರ! ಅಂದ್ರ ನಮ್ಮ ಗುರುಬಸ್ಯಾನಽ ಆ ಜರ್ಮನ್! ಹಾದಿಗೆ ಬಾಗಲಾ ಹಾಕ್ಯಾನಿಲ್ರಿ?”

“ಅವರಿಗೆ ಮೀಸೀನಽ ಇಲ್ಲಲ್ರಿ ಸಾವಕಾರ್ರ.”

“ಮೀಸಿ ಬಿಡ್ರಿ, ಬುದ್ಧಿ ನೋಡ್ರಿ. ಮತ್ತ ನಮ್ಮ ಮಾವ! ಹಾವೇರಿ ಸ್ಟೇಷನ್ನಾಗ ನೀವಽ ನೋಡಿದ್ರಿ. ಕೈಯಾಗ ಛತ್ರಿ ಇತ್ತೋ ಇಲ್ಲೋ?”

“ಬಿಸಲಿತ್ತು, ತಂದಿದ್ರು.”

“ಅಲ್ರಿ, ಅದಽ ಛತ್ರಿ! ನಾ ಹೂಂ ಅನ್ನೋದರಾಗ ಇದ್ದೆ. ದೇವ್ರು ಉಳಿಸಿದ.”

ನಮ್ಮಲ್ಲಿ ಛತ್ರಿ ಎಂದರೆ ಏನೇನು ಅರ್ಥವಿದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಬಡಪಾಯಿ ಸೋದರಮಾವ ಬಿಸಿಲಿಗೆ ಹೆದರಿ ಹಿಡಿದ ಛತ್ರಿಯಿಂದ ಒಂದು ಕ್ಷಣದಲ್ಲಿ ಮೋಸಗಾರನಾದ. ಯೂಸುಫ್ ರೇಡಿಯೋದ ಪಕ್ಕದಲ್ಲಿ ನಿಂತಿದ್ದ. ಕರ್ನಲ್ ಸಾಹೇಬರು ಭಾಷಣ ಮುಗಿಸಿ ಕುಳಿತಾಗ ಅವನು ಎದುರು ಕುಳಿತು ಕಾಯಿಗಳನ್ನು ಜೋಡಿಸಿದ. ಅಂದೂ ಆಡಿದರು. ಕರ್ನಲ್ ಸೋತರು. ಆಧಾರ ಕೊಡಲಿಲ್ಲ.

ನಡು ಸಮುದ್ರ

ಮರುದಿನ ಬೆಳಿಗ್ಗೆ ಡೆಕ್ಕಿಗೆ ಹೋಗಿದ್ದ ಸಾವಕಾರರು ಹಣೆಯಲ್ಲಿ ವಿಭೂತಿಯೊಂದಿಗೆ ಓಡಿ ಬಂದು ನನ್ನನ್ನು ಎಬ್ಬಿಸಿದರು.

“ಮಾಸ್ತರ, ಏಳ್ರಿ! ಇಷ್ಟು ದಿನಾ ಸೂರ್ಯಾ ಬೆನ್ನ ಹಿಂದ ಹುಟ್ಟತಿದ್ದ. ಇವತ್ತ ಮುಂದ ಹುಟ್ಯಾನ. ಹಡಗಾ ಹೊಳ್ಳಿ ಮುಂಬೈಗೆ ಹೊಂಟೈತಿ!”

ನಾನು ಹೋಗಿ ನೋಡಿದೆ. ಸೂರ್ಯ ನಿಜವಾಗಿಯೂ ಮೂತಿಯ ಕಡೆಗಿದ್ದ. ಅಷ್ಟರಲ್ಲಿ ಕಪ್ತಾನನ ಧ್ವನಿ ಬಂತು: ಕಾಲುವೆಯಲ್ಲಿ ಹೋಗುವಂತಿಲ್ಲ, ಪೂರ್ವಕ್ಕೆ ಚಾಚಿದ ಆಫ್ರಿಕದ ಕೊಂಬನ್ನು ಬಳಸಿ ದಕ್ಷಿಣಕ್ಕೆ ಇಳಿದು, ತುದಿಯ ಕೇಪ್ ಸುತ್ತಿ ಇಂಗ್ಲೆಂಡ್ ಸೇರುತ್ತೇವೆ, ಅನಾನುಕೂಲಕ್ಕೆ ವಿಷಾದಿಸುತ್ತೇನೆ. ನಾನು ಚಮಚದಿಂದ ಮೇಜಿನ ಮೇಲೆ ಆಫ್ರಿಕದ ಆಕಾರ ಬರೆದು ಸಾವಕಾರರಿಗೆ ತೋರಿಸಿದೆ. ಅವರು ಅದನ್ನು ನೋಡುತ್ತ, “ಇಷ್ಟನ್ನೂ ಸುತ್ತಬೇಕೇನ್ರಿ?” ಎಂದರು. ಪೋರ್ಟ್ ಸೈದಿಗೆ ಟಿಕೆಟು ತೆಗೆದಿದ್ದ ಯೂಸುಫನ ಪಾಡು ಇನ್ನೂ ವಿಚಿತ್ರ. ಅವನನ್ನು ನಡುವೆ ಎಲ್ಲಿಯೂ ಇಳಿಸುವಂತಿರಲಿಲ್ಲ. ದಾರಿಯ ಬಂದರುಗಳು ಬಹುತೇಕ ಇಂಗ್ಲಿಷರ ಹಿಡಿತದವು, ಅವನು ಶತ್ರು ದೇಶದವನು. ಆದ್ದರಿಂದ ಶತ್ರುವಿನ ರಾಜಧಾನಿಗೇ ಅವನನ್ನು ಒಯ್ಯಬೇಕಾಯಿತು.

ಅಂದೇ ನವೆಂಬರ್ ಒಂದು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ದಿನ. ಊರಲ್ಲಿ ಎಲ್ಲರೂ ಜಯಕಾರ ಹಾಕುವಾಗ ನಾನೊಬ್ಬ ಬೇಯಿಸಿದ ಆಲೂಗಡ್ಡೆಯ ಮುಂದೆ ಕುಳಿತಿರುವುದು ಸರಿಯಲ್ಲವೆಂದು, ಎದ್ದು ನಿಂತು ಮೇಜಿನ ಸುತ್ತಲಿನವರಿಗೆ ತಿಳಿಸಿದೆ: “ನಾನು ಇಂದಿನಿಂದ ಮೈಸೂರು ರಾಜ್ಯದವನು.”

ಕರ್ನಲ್ ಸಾಹೇಬರು ಚಮಚ ಕೆಳಗಿಟ್ಟರು. “ಹಡಗು ಹತ್ತಿದಾಗ ಮುಂಬಯಿ ರಾಜ್ಯದವನೆಂದಿರಿ. ನಡುವೆ ನೀವು ಎಲ್ಲಿಯೂ ಇಳಿಯಲಿಲ್ಲವಲ್ಲ?”

“ನಾನು ಇಳಿಯಲಿಲ್ಲ ಸರ್. ಗಡಿಯೇ ಎದ್ದು ಆಚೆ ಹೋಯಿತು.”

“ಗುಂಡು ಹಾರಿಸದೆ?” ಎಂದು ಯೂಸುಫ್ ಕೇಳಿದ.

“ಭಾಷಣ ಬಹಳ ಹಾರಿಸಿದರು,” ಎಂದೆ. ಅವನು ನಕ್ಕ. ಸಾವಕಾರರಿಗೆ ವಿಷಯ ತಿಳಿಸಿದಾಗ ಅವರು ಸಂತೋಷದಿಂದ ಖಾರದ ಡಬ್ಬಿ ತೆಗೆದರು. ಒಂದು ಮುಕ್ಕು ತಿಂದು ಥಟ್ಟನೆ ಗಾಬರಿಯಾದರು. “ಮಾಸ್ತರ, ಹಂಗಾದ್ರ ನನ್ನ ಖಟ್ಲೇ ಮುಂದ ಯಾವ ಹೈಕೋರ್ಟಿಗೆ ಹೊಕ್ಕೈತಿ?”

ಮೊಂಬಾಸಾ

ಮೊಂಬಾಸಾದಲ್ಲಿ ಇಳಿದಾಗ ಮೊದಲು ಕಿವಿಗೆ ಬಿದ್ದದ್ದು ಗುಜರಾತಿ. ಅಂಗಡಿಗಳ ಸಾಲು, ತಕ್ಕಡಿ, ಗಾದಿಯ ಮೇಲೆ ಕುಳಿತ ಶೇಠ್‌ಗಳು. ಸಾವಕಾರರಿಗೆ ಹುಬ್ಬಳ್ಳಿಯ ಪೇಟೆಗೇ ಬಂದಷ್ಟು ಸಮಾಧಾನ. ಒಂದು ಅಂಗಡಿಯಲ್ಲಿ ಹತ್ತಿಯ ದರ ಕೇಳಿ, ಅದು ತಪ್ಪೆಂದು ವಾದಿಸಿ, ಚಹಾ ಕುಡಿದು ಎದ್ದರು. ಆಮೇಲೆ ನನ್ನನ್ನು ತಾರ್ ಆಫೀಸಿಗೆ ಎಳೆದರು.

“ವಕೀಲಗ ಬರೀರಿ. ರಾಜಿ ಬ್ಯಾಡ. ಬಾಗಲಾ ಒಡೀರಿ.”

“ಸಾವಕಾರ್ರ, ಇನ್ನೊಂದ ಸಲ ವಿಚಾರ ಮಾಡ್ರಿ. ತಮ್ಮ ನಿಮ್ಮಾಂವ. ಆ ಜರ್ಮನ್ನಗೂ ಅವಗೂ ಏನು ಸಂಬಂಧ?”

“ಮಾಸ್ತರ, ನೀವಽ ಛತ್ರಿ ಹಿಡಿಬ್ಯಾಡ್ರಿ.”

ಆ ಹೋಲಿಕೆಯ ಮಹಿಮೆಯೇ ಅದು. ಎದುರಾಳಿ ಒಮ್ಮೆ ಆ ಜರ್ಮನ್ ಆಗಿಬಿಟ್ಟರೆ, ನಡುವೆ ನಿಂತು ತಡೆ ಎಂದವರೆಲ್ಲ ಮೂರ್ಖರು. ತಾರ್ ಬರೆದುಕೊಟ್ಟೆ.

ಹಡಗಿಗೆ ಮರಳಿದಾಗ ಪಡಸಾಲೆಯಲ್ಲಿ ಗದ್ದಲ. ಪೋರ್ಟ್ ಸೈದಿನ ಮೇಲೆ ಸೈನ್ಯ ಇಳಿದಿದೆ, ಊರು ಕೈವಶವಾಗುತ್ತಿದೆ ಎಂದು ರೇಡಿಯೋ ಹೇಳುತ್ತಿತ್ತು. ಕರ್ನಲ್ ಸಾಹೇಬರು ಗ್ಲಾಸ್ ಎತ್ತಿ ನಿಂತಿದ್ದರು. ಬಾಯಿ ತೆರೆದಿತ್ತು, ಘೋಷಣೆ ಇನ್ನೇನು ಹೊರಡಬೇಕು. ಆಗ ಬಾಗಿಲಲ್ಲಿ ಯೂಸುಫ್ ಕಂಡ. ಅವನು ಯಾರನ್ನೂ ನೋಡದೆ ರೇಡಿಯೋದ ಹತ್ತಿರ ಬಂದು, “ಯಾವ ಓಣಿ ಎಂದು ಹೇಳಿದರೇ?” ಎಂದು ಕೇಳಿದ. ರೇಡಿಯೋ ಓಣಿಗಳ ಹೆಸರು ಹೇಳುತ್ತಿರಲಿಲ್ಲ. ಅವನು ಕೆಳಗೆ ಇಳಿದುಹೋದ. ಕರ್ನಲ್ ಸಾಹೇಬರು ಗ್ಲಾಸನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.

ಮೊಂಬಾಸಾ ಬಿಟ್ಟ ಮೇಲೆ ಇನ್ನೊಂದು ಸುದ್ದಿ: ಯುದ್ಧ ನಿಂತಿತು. ಅಮೆರಿಕ ಕಣ್ಣು ಕೆಂಪು ಮಾಡಿತ್ತು, ಜಗತ್ತೆಲ್ಲ ಛೀ ಎಂದಿತ್ತು. ಗೆಲ್ಲುವ ಮೊದಲೇ ಯುದ್ಧ ಮುಗಿದಿದೆ ಎಂಬುದನ್ನು ಕರ್ನಲ್ ಸಾಹೇಬರು ಒಪ್ಪುವರೇ? ಬೆರಳೆತ್ತಿ, “ಡನ್‌ಕರ್ಕಿನಲ್ಲಿಯೂ ಜರ್ಮನ್ನರೆದುರು ಹಿಂದೆ ಬಂದೆವು, ಅದು ಸೋಲೇ?” ಎಂದರು. ಆದರೆ ಈ ಸಲ ಕೇಳುವವರು ಕಡಿಮೆ. ಎದುರಿನ ಕುರ್ಚಿಯೂ ಖಾಲಿ. ಯೂಸುಫ್ ಆಟಕ್ಕೆ ಬರುವುದನ್ನು ಬಿಟ್ಟಿದ್ದ, ಊಟವನ್ನೂ ಬಿಟ್ಟಿದ್ದ. ಸಾವಕಾರರು ಅವಲಕ್ಕಿ ನೆನೆಸಿ ಚಟ್ನಿ ಕಲಸಿ ಅವನ ಬಾಯಿಯ ಹತ್ತಿರ ಹಿಡಿಯುತ್ತಿದ್ದರು. “ಖಾ ರೇ ಬಾಬಾ. ನೀ ಉಪವಾಸ ಬಿದ್ರ ನಿಮ್ಮವ್ವಗ ಸುದ್ದಿ ಮುಟ್ಟತೈತೇನು?” ಎಂದು ಎರಡು ಭಾಷೆ ಕಲಸಿ ಗದರಿಸುತ್ತಿದ್ದರು. ಅವನು ಅರ್ಧ ತಿನ್ನುತ್ತಿದ್ದ.

ಒಂದು ಮಧ್ಯಾಹ್ನ ನಮ್ಮ ಕೋಣೆಯ ಬಾಗಿಲು ತಟ್ಟಿದ ಸದ್ದು. ಕರ್ನಲ್ ಸಾಹೇಬರು ತಲೆ ಬಗ್ಗಿಸಿಕೊಂಡು ಒಳಗೆ ಬಂದರು. ನಮ್ಮ ಛಾವಣಿ ಅವರ ಎತ್ತರಕ್ಕೆ ಕಟ್ಟಿದ್ದಲ್ಲ. “ನಿನ್ನ ತಾಯಿಯ ಹೆಸರು ಹೇಳು. ಓಣಿಯದೂ,” ಎಂದರು ಯೂಸುಫನಿಗೆ. “ಹಡಗಿನ ವೈರ್‌ಲೆಸ್‌ನವನು ನನ್ನ ಮಾತು ಕೇಳುತ್ತಾನೆ. ಸೈನ್ಯದಲ್ಲಿ ನನ್ನ ಕೆಳಗಿದ್ದ ಒಬ್ಬ ಈಗ ಸೈಪ್ರಸ್ಸಿನಲ್ಲಿದ್ದಾನೆ, ಪೋರ್ಟ್ ಸೈದಿಗೆ ಸೈನ್ಯ ಹೋದದ್ದು ಅಲ್ಲಿಂದಲೇ. ವಿಚಾರಿಸುತ್ತಾನೆ.” ಯೂಸುಫ್ ಹೇಳಿದ. ಅವರು ಎರಡು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡು, ಹೋಗುವಾಗ ತೊಲೆಗೆ ಹಣೆ ಬಡಿಸಿಕೊಂಡು ಹೋದರು.

ಡರ್ಬನ್

ಡರ್ಬನ್ನಿನ ದಂಡೆ ಕಣ್ಣಿಗೆ ತಂಪಾಗಿತ್ತು. ಕಣ್ಣಿಗೆ ಮಾತ್ರ. ಬಿಳಿಯ ಪ್ರಯಾಣಿಕರು ಟೋಪಿ ಹಾಕಿಕೊಂಡು ಇಳಿದು ಹೋದರು. ನಮಗೆ ಇಳಿಯಲು ಅಪ್ಪಣೆ ಇರಲಿಲ್ಲ. ಆ ದೇಶದಲ್ಲಿ ಬಣ್ಣಕ್ಕೊಂದು ಬೆಂಚು, ಬಣ್ಣಕ್ಕೊಂದು ಬಾಗಿಲು. ನಾವು ಡೆಕ್ಕಿನ ಕಂಬಿಗೆ ಒರಗಿ, ಕೆಳಗೆ ಮೂಟೆ ಹೊರುತ್ತಿದ್ದ ನಮ್ಮಂಥದೇ ಮುಖದ ಜನರನ್ನು ನೋಡುತ್ತ ನಿಂತೆವು. ಅವರಲ್ಲೊಬ್ಬ ಮೇಲೆ ನೋಡಿ ಕೈ ಎತ್ತಿದ. ನಾವೂ ಎತ್ತಿದೆವು.

“ಅಲ್ಲಿ ಕಾಲುವಿ ಬಂದ್, ಇಲ್ಲಿ ಬಾಗಲಾ ಬಂದ್,” ಎಂದರು ಸಾವಕಾರರು. “ನಮ್ಮ ಗುರುಬಸ್ಯಾ ಬಾಗಲಾ ಹಾಕಿದ್ರೂ ಒಂದ ಚರಗಿ ನೀರ ಕೇಳಿದ್ರ ಕೊಡ್ತಾನ್ರಿ.”

ಸಂಜೆಗೆ ಕರ್ನಲ್ ಸಾಹೇಬರು ಒಂದು ಬುಟ್ಟಿ ಕಿತ್ತಳೆ ಹಣ್ಣು ತಂದು ನಮ್ಮ ಬಾಗಿಲಲ್ಲಿಟ್ಟರು. ಊರು ಹೇಗಿದೆ ಎಂದು ಕೇಳಿದೆ. “ಬಿಸಿಲು ಜಾಸ್ತಿ,” ಎಂದಷ್ಟೇ ಹೇಳಿ ಹೋದರು.

ಅಲ್ಲಿಯೇ ಹಿರೇಕೆರೂರಿನ ತಾರ್ ಹಡಗಿಗೆ ಬಂತು. ವಕೀಲರ ಇಂಗ್ಲಿಷನ್ನು ನಾನು ಸಾವಕಾರರಿಗೆ ಓದಿ ಹೇಳಿದೆ: ಅಪ್ಪಣೆಯಂತೆ ಬಾಗಿಲು ಒಡೆಯಲಾಗಿದೆ. ಗುರುಬಸಪ್ಪನವರು ಹಾದಿಯ ನಡುವೆ ಅಡ್ಡ ತಗ್ಗು ತೋಡಿಸಿದ್ದಾರೆ. ಒಂದು ಗಾಡಿ ಅದರಲ್ಲಿ ಬಿದ್ದಿದೆ. ಹತ್ತಿ ಹೊರಗೇ ಇದೆ. ಮುಂದಿನ ಅಪ್ಪಣೆ ತಿಳಿಸಿರಿ.

ಸಾವಕಾರರ ಮುಖ ಇಳಿದುಹೋಯಿತು. “ಅಂವಾ ತನ್ನ ಗಾಡಿ ಹೆಂಗ ಒಯ್ತಾನಂತ?”

“ಅವರದೂ ಹೋಗಂಗಿಲ್ರಿ, ನಿಮ್ಮದೂ ಹೋಗಂಗಿಲ್ಲ.”

ಆ ರಾತ್ರಿಯ ಊಟಕ್ಕೆ ಅವರು ಕರ್ನಲ್ ಸಾಹೇಬರ ಪಕ್ಕದಲ್ಲೇ ಕುಳಿತರು. ಕರ್ನಲ್ ಇವರಿಗೆ ಈಗ ಗುರುವಿದ್ದಂತೆ. ಗುರುವಿನ ಯುದ್ಧ ಹೇಗೆ ನಡೆದಿದೆ ಎಂದು ತಿಳಿದರೆ ತಮ್ಮದಕ್ಕೊಂದು ದಾರಿ ಕಂಡೀತೆಂಬ ಆಸೆ. “ಕೇಳ್ರಿ ಮಾಸ್ತರ, ಕಾಲುವಿ ಸುದ್ದಿ ಏನು?” ಎಂದರು. ನಾನು ಕೇಳಿದೆ.

“ಈಜಿಪ್ತದವರು ಅದರಲ್ಲಿ ಹಡಗುಗಳನ್ನು ಮುಳುಗಿಸಿದ್ದಾರೆ,” ಎಂದರು ಕರ್ನಲ್. “ಸದ್ಯಕ್ಕೆ ಮುಚ್ಚಿದೆ.”

“ಯುದ್ಧಾ ಶುರು ಆಗೂದಕ್ಕಿಂತ ಮದಲ?”

“ಮೊದಲು ತೆರೆದಿತ್ತು.”

“ಯುದ್ಧಾ ಮಾಡಿದ್ದು ಯಾತಕ್ಕ?”

ಕರ್ನಲ್ ಸಾಹೇಬರು ನನ್ನ ಕಡೆ ನೋಡಿದರು. ಎದೆ ಮೇಲಕ್ಕೆ ಬಂತು, ಬೆರಳು ಅರ್ಧಕ್ಕೆ ಏರಿತು. “ತೆರೆದಿಡುವುದಕ್ಕೆ,” ಎಂದರು ಕಡೆಗೆ.

ನಾನು ಅದನ್ನು ಕನ್ನಡಕ್ಕೆ ತಂದೆ. ಸಾವಕಾರರು ನಗಲಿಲ್ಲ. ಹಾದಿಯ ತಗ್ಗು, ಅದರಲ್ಲಿ ಬಿದ್ದ ಗಾಡಿ, ಹೊರಗೆ ಉಳಿದ ಹತ್ತಿ ಅವರ ಕಣ್ಣ ಮುಂದಿದ್ದವು. ಆಲೂಗಡ್ಡೆಯನ್ನು ಬಹಳ ಹೊತ್ತು ಚಮಚದಿಂದ ಒತ್ತುತ್ತ ಕುಳಿತರು.

ಲಾಸ್ ಪಾಲ್ಮಾಸ್

ಕೇಪ್ ದಾಟುವಾಗ ಹಡಗು ನಮ್ಮನ್ನು ಕೇರಿತು. ಮೊರದಲ್ಲಿನ ಕಾಳು ನಾವು. ನನಗೆ ಯಾವ ಬಂದರೂ ಬೇಡವಾಗಿ, ಯಾವ ಡಬ್ಬಿಯ ಮುಚ್ಚಳ ತೆಗೆದರೂ ಗೋಡೆಯ ಕಡೆಗೆ ಹೊರಳುತ್ತಿದ್ದೆ. ಸಾವಕಾರರು ಮಾತ್ರ ಮಂಚದ ಕಾಲಿಗೆ ಧೋತರದ ತುದಿ ಕಟ್ಟಿಕೊಂಡು ಕುಳಿತು ಪೂಜೆ ಮಾಡಿದರು, ರೊಟ್ಟಿ ತಿಂದರು. ಆಮೇಲೆ ದಿನಗಟ್ಟಲೆ ನೀಲಿ ನೀರು, ಅದೇ ಆಕಾಶ.

ಲಾಸ್ ಪಾಲ್ಮಾಸ್ ಸ್ಪೇನಿಗೆ ಸೇರಿದ ದ್ವೀಪದ ಊರು. ಅಲ್ಲಿ ನಮ್ಮೆಲ್ಲರಿಗೂ ಕೆಲವು ಗಂಟೆ ಇಳಿದು ತಿರುಗಾಡಲು ಬಿಟ್ಟರು. ಇಳಿಯುವ ಹೊತ್ತಿಗೆ ಕರ್ನಲ್ ಸಾಹೇಬರು ಸರಸರ ಮೆಟ್ಟಿಲಿಳಿದು ಬಂದು ಯೂಸುಫನ ಹೆಗಲ ಮೇಲೆ ಕೈಯಿಟ್ಟರು.

“ಬದುಕಿದ್ದಾರೆ. ತಾಯಿ, ತಂಗಿಯರು ಎಲ್ಲರೂ. ಮನ್ಸೂರಾದಲ್ಲಿ ನಿನ್ನ ಚಿಕ್ಕಪ್ಪನ ಮನೆಯಲ್ಲಿ.” ಹೆಗಲ ಮೇಲಿನ ಕೈ ತೆಗೆಯದೆಯೇ, “ಮನೆ ಇಲ್ಲ,” ಎಂದರು.

ಯೂಸುಫ್ ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಳಿತುಬಿಟ್ಟ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಸಾವಕಾರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವನ ಬೆನ್ನು ಸವರಿದರು. ಅವನು ಹಿಂದಿಯಲ್ಲಿ ಅವರಿಗೆ ಹೇಳಿದ: ಮನೆಯಿದ್ದದ್ದು ಕಾಲುವೆಯ ಹತ್ತಿರದ ಓಣಿಯಲ್ಲಿ, ಕಿಟಕಿಯಿಂದ ಹಡಗುಗಳ ದೀಪ ಕಾಣುತ್ತಿತ್ತು, ತಾತ ಕಟ್ಟಿಸಿದ್ದು. ಸಾವಕಾರರು “ಹೂಂ, ಹೂಂ” ಎನ್ನುತ್ತ ಪೂರ್ತಿ ಕೇಳಿದರು.

ಊರೊಳಗೆ ನಡೆಯುವಾಗ ಅವರು ಒಮ್ಮೆಲೇ ನಿಂತರು. “ಮಾಸ್ತರ, ತಾರ ಮಾಡೂದೈತಿ.”

“ವಕೀಲರಿಗೇನ್ರಿ?”

“ವಕೀಲಗ ಬ್ಯಾಡ. ಗುರುಬಸಪ್ಪಗ. ಬರೀರಿ: ಹಾದಿ ನೀನಽ ಇಟ್ಕೊ. ನಾ ಸುತ್ತ ಹಾಕಿ ಹೊಕ್ಕೇನಿ.”

ಗುರುಬಸ್ಯಾ ಮತ್ತೆ ಗುರುಬಸಪ್ಪನಾದದ್ದನ್ನು ನಾನು ಗಮನಿಸಿದೆ. ಆದರೂ ಕೇಳಿದೆ, “ಸುತ್ತು ಹಾದಿ ಭಾಳ ದೂರ ಐತೇನ್ರಿ?”

“ಆಫ್ರಿಕಾದಷ್ಟಿಲ್ಲ ಬಿಡ್ರಿ. ಬಸವಣ್ಣನ ಗುಡಿ ಹಿಂದಿಂದ ಹೊಳ್ಳಿದ್ರ ಗೋದಾಮ ಬಂತು.”

“ಮತ್ತ ಇಷ್ಟು ದಿನಾ ಖಟ್ಲೆ ಯಾಕ ನಡಿಸಿದ್ರಿ?”

“ಖಟ್ಲೆ ಹೂಡಿದ ಮ್ಯಾಲ ಸುತ್ತ ಹಾಕಿದ್ರ ಸೋತಂಗ ಅನ್ನಸ್ತಿತ್ರಿ,” ಎಂದರು ಅವರು, ನನ್ನನ್ನೇ ದಡ್ಡನೆನ್ನುವಂತೆ ನೋಡಿ.

ತಾರ್ ತಲುಪಿದಾಗ ಹಿರೇಕೆರೂರಿನಲ್ಲಿ ಏನಾಯಿತೆಂಬುದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ. ಗುರುಬಸಪ್ಪನವರು ಅದನ್ನು ಮೂರು ಜನರಿಂದ ಓದಿಸಿ, ಇದರಲ್ಲೇನೋ ಮಸಲತ್ತಿದೆ ಎಂದು ಹೆದರಿ, ತಗ್ಗನ್ನು ಇನ್ನೂ ಆಳ ಮಾಡಿಸಿದರಂತೆ. ಅಣ್ಣನ ಗಾಡಿಗಳು ನಿಜವಾಗಿಯೂ ಗುಡಿಯ ಹಿಂದಿನಿಂದ ಹೋಗತೊಡಗಿದಾಗ ಅವರಿಗೆ ತಮ್ಮ ತಗ್ಗಿನ ಮುಂದೆ ಒಬ್ಬರೇ ನಿಂತು ಬೇಸರ ಬಂತು. ಸೋದರಮಾವ ಹೋಗಿ ಕೇಳಿಕೊಂಡ ಮೇಲೆ ಮುಚ್ಚಿಸಿದರು. ಈಗಲೂ ಅಲ್ಲಿ ನೆಲ ಸ್ವಲ್ಪ ಕುಸಿದಿದೆ, ಗಾಡಿ ದಾಟುವಾಗ ಎತ್ತು ಮುಗ್ಗರಿಸುತ್ತದೆ.

ಟಿಲ್ಬರಿ

ಡಿಸೆಂಬರಿನ ಒಂದು ಬೆಳಿಗ್ಗೆ ಟಿಲ್ಬರಿಯಲ್ಲಿ ಹಡಗು ನಿಂತಿತು. ಬೆಳಗಾಗಿದೆ ಎಂದು ಗಡಿಯಾರ ಹೇಳಿದ್ದಕ್ಕೆ ನಂಬಿದೆವು; ಸೂರ್ಯನ ಸುಳಿವಿರಲಿಲ್ಲ. ತಗಡಿನ ದೊಡ್ಡ ಛಾವಣಿಯ ಕೆಳಗೆ ಸಾಲಾಗಿ ನಿಂತೆವು. ಕರ್ನಲ್ ಸಾಹೇಬರು ಮೊದಲೇ ಆಚೆ ದಾಟಿದ್ದರು. ಕಟಕಟೆಯ ಆಚೆಯಿಂದ ಒಬ್ಬ ತೆಳ್ಳನೆಯ ಮುದುಕಿ ಕೈಬೀಸುತ್ತಿದ್ದಳು, ಅವರ ತಂಗಿ. ನನ್ನದೂ ಸಾವಕಾರರದೂ ಬೇಗ ಮುಗಿಯಿತು. ಯೂಸುಫನ ಸರದಿ ಬಂದಾಗ ಅಧಿಕಾರಿ ಅವನ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ಹಾಕಿದ.

“ಇಂಗ್ಲೆಂಡಿಗೆ ಬಂದ ಉದ್ದೇಶ?”

“ಉದ್ದೇಶ ನನ್ನದಲ್ಲ ಸರ್,” ಎಂದ ಯೂಸುಫ್. “ನಾನು ಪೋರ್ಟ್ ಸೈದಿಗೆ ಟಿಕೆಟು ತೆಗೆದವನು. ಇಲ್ಲಿಗೆ ತಂದವರು ನೀವು.”

ಅಧಿಕಾರಿ ನಗಲಿಲ್ಲ. ಪಕ್ಕಕ್ಕೆ ನಿಲ್ಲು ಎಂದ. ಇವನನ್ನು ಒಳಗೆ ಬಿಡಲಾಗದು, ಇದೇ ಹಡಗಿನಲ್ಲಿ ಹಿಂದಕ್ಕೆ ಕಳಿಸಬೇಕಾದೀತು ಎಂದು ಇನ್ನೊಬ್ಬನಿಗೆ ಹೇಳುವುದು ನನಗೆ ಕೇಳಿಸಿತು. ಹಿಂದಕ್ಕೆ ಎಂದರೆ ಮತ್ತೆ ಆಫ್ರಿಕ ಸುತ್ತಿ ಮುಂಬಯಿಗೆ! ನಾನು ಸಾವಕಾರರಿಗೆ ಹೇಳಿದೆ. ಅವರು ಗಂಟುಮೂಟೆ ಕೆಳಗಿಟ್ಟು, “ಇವನ್ನ ಬಿಟ್ಟು ನಾ ಹೋಗಂಗಿಲ್ರಿ,” ಎಂದು ಅಲ್ಲೇ ಡಬ್ಬಿಯ ಮೇಲೆ ಕುಳಿತರು. ಅವರನ್ನು ಎಬ್ಬಿಸಲು ಒಬ್ಬ ಪೋಲೀಸ ಬಂದ. ಸಾವಕಾರರು ಅವನಿಗೆ ಕನ್ನಡದಲ್ಲಿ ಸಮಾಧಾನವಾಗಿ ಎಲ್ಲವನ್ನೂ ವಿವರಿಸತೊಡಗಿದರು.

ಆ ಗಲಾಟೆಗೆ ಕರ್ನಲ್ ಸಾಹೇಬರು ತಿರುಗಿ ನೋಡಿದರು. ತಂಗಿಗೆ ಏನೋ ಹೇಳಿ, ಕಟಕಟೆಯ ಅಡ್ಡಪಟ್ಟಿ ಎತ್ತಿ, ವಾಪಸು ಒಳಗೆ ಬಂದರು.

“ಈ ಹುಡುಗ ನನ್ನ ಜೊತೆ ಬರುತ್ತಾನೆ. ನಮ್ಮ ಮನೆಯಲ್ಲಿರುತ್ತಾನೆ. ದಾರಿ ತೆರೆದ ದಿನ ತನ್ನ ಊರಿಗೆ ಹೋಗುತ್ತಾನೆ,” ಎಂದರು ಅಧಿಕಾರಿಗೆ.

“ಸರ್, ಇವನು ಈಜಿಪ್ತದವನು. ನಮ್ಮ ಸೈನಿಕರು ಇನ್ನೂ ಅಲ್ಲಿದ್ದಾರೆ. ಇಂಥ ಸಮಯದಲ್ಲಿ ಇಂಥವರನ್ನು ನಂಬಿ ಒಳಗೆ ಬಿಟ್ಟರೆ…”

ಕರ್ನಲ್ ಸಾಹೇಬರ ಎದೆ ಮೇಲಕ್ಕೆ ಬಂತು. ಬೆರಳು ಎದ್ದಿತು. ಸಾವಕಾರರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಇನ್ನು ಯಾವ ಇಸವಿ ಬರುತ್ತದೋ, ಯಾವ ಯುದ್ಧ ಬರುತ್ತದೋ, ಅದರಲ್ಲಿ ಯೂಸುಫ್ ಯಾರಾಗುತ್ತಾನೋ ಎಂದು ನಾನು ಮನಸ್ಸಿನಲ್ಲೇ ಪಠ್ಯಪುಸ್ತಕ ತಿರುವಿಹಾಕಿದೆ.

“ನೋಡಪ್ಪ ತರುಣ, ಹಿಂದೊಮ್ಮೆ…” ಎಂದು ಶುರುಮಾಡಿದರು. ಅಷ್ಟಕ್ಕೇ ನಿಲ್ಲಿಸಿದರು. ಪಕ್ಕದಲ್ಲಿ ಮೂಗು ಕೆಂಪಾಗಿ ನಿಂತಿದ್ದ ಯೂಸುಫನನ್ನು ನೋಡಿದರು. ಎತ್ತಿದ್ದ ಬೆರಳನ್ನು ತಾವೇ ಇನ್ನೊಂದು ಕೈಯಿಂದ ಕೆಳಗಿಳಿಸಿದರು.

“ಚಳಿ ಇದೆ,” ಎಂದರು. “ಹುಡುಗನನ್ನು ಎಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತೀರಿ? ಒಳಗೆ ಬಿಡಿ.”

ಅಧಿಕಾರಿ ಎದ್ದು ಹೋಗಿ ಯಾರಿಗೋ ಫೋನು ಮಾಡಿದ. ಮರಳಿ ಬಂದು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ. ಯೂಸುಫನ ಪೆಟ್ಟಿಗೆಯನ್ನು ಕರ್ನಲ್ ಸಾಹೇಬರೇ ಎತ್ತಿಕೊಂಡರು. ಅವನು ಬೇಡವೆಂದು ಜಗ್ಗಿದ, ಅವರು ಕೊಡಲಿಲ್ಲ. ಇಬ್ಬರೂ ಪೆಟ್ಟಿಗೆಯ ಒಂದೇ ಹಿಡಿಕೆಯನ್ನು ಎಳೆದಾಡುತ್ತ ಮಂಜಿನೊಳಗೆ ನಡೆದರು.

“ಏನಂದ್ರು ಮಾಸ್ತರ ಅವರು?” ಎಂದು ಸಾವಕಾರರು ಕೇಳಿದರು.

“ಚಳಿ ಐತಿ, ಹುಡುಗನ್ನ ಒಳಗ ಬಿಡ್ರಿ ಅಂದ್ರು.”

“ಮುಂದ?”

“ಮುಂದೇನಿಲ್ರಿ. ಅಷ್ಟಽ.”

ಸಾವಕಾರರು ಡಬ್ಬಿಯಿಂದ ಎದ್ದು ಧೋತರ ಕೊಡವಿಕೊಂಡರು.

“ಇವತ್ತ ಛಲೋ ಮಾತಾಡಿದ್ರು,” ಎಂದರು.